ಕಣಿವೆಯಲ್ಲಿ ಕುಕ್ಕರಿನ ಸೀಟಿ

ನಾನು ದುಡಿಯಲು ಬಂದ ಪರದೇಶದ ಸೆಂಟ್ರಲ್ ಒಟಾಗೊ ಪ್ರಾಂತ್ಯದ ಈ ಕಣಿವೆ ಮರುಭೂಮಿಯಂತೆ ಒಣಗಿದ್ದರೂ ಕಾಲಿಟ್ಟಲ್ಲೆಲ್ಲ ಕಾಡು ಥೈಮ್ ಸೊಪ್ಪಿನ ಘಮ! ಟೆಂಟ್ ಹೊಡೆಯುವಷ್ಟರಲ್ಲಿ ನನ್ನ ನಾಯಿ ಭೀಮ ಮೊಲದ ಹಿಂದೆ ಓಡಿ ಬಂಡೆಗಳ ನಡುವೆ ಮಾಯವಾದ. ಎದುರು ಗುಡ್ಡದಲ್ಲಿ ರೈತನೊಬ್ಬ ಸೀಟಿ ಊದಿಯೇ ಅಪ್ಪಣೆ ಕೊಡುತ್ತ ತನ್ನ ಎರಡು ನಾಯಿಗಳಿಂದ ಕುರಿಮಂದೆ ಇಳಿಸುತ್ತಿದ್ದ. ಕುರಿ ಬೆನ್ನಟ್ಟಿದ ನಾಯಿಗೆ ಇಲ್ಲಿ ಗುಂಡು ಹೊಡೆದರೂ ಕೇಳುವವರಿಲ್ಲ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

“ಒದರಬ್ಯಾಡ ಅಕ್ಕಾ, ಕುಕ್ಕರ್ ಇಡೂಣು,” ಎಂದಳು ನನ್ನೊಡನೆ ನರ್ಸ್ ಆಗಿರುವ ಧಾರವಾಡದ ಶಬಾನಾ. “ಮನ್ಯಾಗ ಮೂರನೇ ಸೀಟಿಗೆ ಓಡಿ ಬರ್ತಾನಲ್ಲ!”

ಮೊದಲ ಸೀಟಿ ಕಣಿವೆಯೆಲ್ಲ ಮೊಳಗಿತು. ಎದುರು ಗುಡ್ಡದಲ್ಲಿ ರೈತನ ನಾಯಿಗಳೆರಡೂ ಅದನ್ನೇ ಒಡೆಯನ ಅಪ್ಪಣೆ ಎಂದುಕೊಂಡು ತಟ್ಟನೆ ನೆಲಕ್ಕಂಟಿ ಮಲಗಿಬಿಟ್ಟವು! ಎರಡನೆಯದಕ್ಕೆ ರೈತನೇ ಬೆಚ್ಚಿ ಸುತ್ತ ನೋಡಿದ. ಮೂರನೆಯದಕ್ಕೆ ಭೀಮ ಬಂಡೆ ಹಾರಿ ಬಂದು, ನಾಲಗೆ ಚಾಚಿಕೊಂಡು ತನ್ನ ತಟ್ಟೆಯ ಮುಂದೆ ನಿಂತ. ನಾವಿಬ್ಬರೂ ಅವನನ್ನು ತಬ್ಬಿ ಕುಣಿದೆವು.

ಅಷ್ಟರಲ್ಲಿ ರೈತ ಧೂಳೆಬ್ಬಿಸಿಕೊಂಡು ಪಿಕಪ್ಪಿನಂಥ ಯೂಟ್ ಗಾಡಿಯಲ್ಲಿ ಬಂದಿಳಿದ. “ನನ್ನ ನಾಯಿಗಳನ್ನು ಮಲಗಿಸಿದ್ದು ಯಾರು?” ಎಂದು ಇಂಗ್ಲಿಷಿನಲ್ಲಿ ಗುಡುಗಿದ. ಶಬಾನಾ ಕುಕ್ಕರ್ ತೋರಿಸಿದಳು. ಅವನು ಬಗ್ಗಿ ಅದನ್ನೇ ದಿಟ್ಟಿಸಿದ.

“ಇದರ ಸೀಟಿಗೆ ಅರ್ಥವೇನು?”

“ಅನ್ನ ಆಗಿದೆ, ಊಟಕ್ಕೆ ಬನ್ನಿ ಅಂತ,” ಎಂದೆ.

ಅವನು ಟೋಪಿ ತೆಗೆದು ಭೀಮನ ಪಕ್ಕದಲ್ಲಿ ಕುಳಿತ.