ಫೋರ್‌ಮನ್ ಎತ್ತಿಕೊಟ್ಟ ಭಾರ

ಮನೆಗೆ ಬಣ್ಣ ಹೊಡೆಸಬೇಕೆಂದು ಗೋಡೆಯ ಬೀರು ಖಾಲಿ ಮಾಡುತ್ತಿದ್ದಾಗ, ಹಳೆಯ ಸ್ಕ್ಯಾನಿಂಗ್ ರಿಪೋರ್ಟುಗಳ ಕೆಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೈಗೆ ಸಿಕ್ಕಿತು. ಅಲ್ಲಾಡಿಸಿದರೆ ಹುಣಸೆ ಬೀಜ ತುಂಬಿಟ್ಟಂತೆ ಸದ್ದು. ಒಳಗೆ ಐದು ಕಲ್ಲುಗಳಿದ್ದವು. ಎಂಟು ವರ್ಷದ ಹಿಂದೆ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಪಿತ್ತಕೋಶ ತೆಗೆದ ದಿನ ಡಾಕ್ಟರು ನನ್ನ ಹೆಂಡತಿಯ ಕೈಗೆ ಕೊಟ್ಟಿದ್ದ ಕಲ್ಲುಗಳು. ಮುಚ್ಚಳದ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದ ಅಂಕಿ ಇನ್ನೂ ಅಳಿಸಿರಲಿಲ್ಲ: 11.4. ನಾಲ್ಕರ ಬಾಲವನ್ನು ಹೀಗೆ ಉದ್ದಕ್ಕೆ ಎಳೆದು ಬರೆಯುತ್ತಿದ್ದವರು ಒಬ್ಬರೇ. ನಮ್ಮ ಫೋರ್‌ಮನ್.

ಬೀರುವನ್ನು ಹಾಗೇ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ...

ನಾನು ಆಗ ತುಮಕೂರಿನ ಅಂಚಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ಮೇಲಿದ್ದೆ. ನೀರೆತ್ತುವ ಪಂಪುಗಳಿಗೆ ಬೇಕಾದ ಬಿಡಿಭಾಗ ಮಾಡುತ್ತಿದ್ದೆವು. ಎರಕದ ಕಬ್ಬಿಣದ ಒಂದೊಂದು ತುಂಡೂ ಇಪ್ಪತ್ತು ಕೆಜಿಯ ಹತ್ತಿರ ತೂಗುತ್ತಿತ್ತು. ಅದನ್ನು ನೆಲದಿಂದ ಎತ್ತಿ ಮಷೀನಿಗೆ ಕಚ್ಚಿಸಬೇಕು, ಕೆಲಸ ಮುಗಿದ ಮೇಲೆ ಮತ್ತೆ ಎತ್ತಿ ಇಳಿಸಬೇಕು. ದಿನಕ್ಕೆ ಇಪ್ಪತ್ತೈದು ತುಂಡು. ಕೆಲಸ ಕಾಂಟ್ರ್ಯಾಕ್ಟ್ ಮೇಲಿತ್ತು. ಪರ್ಮನೆಂಟ್ ಮಾಡುತ್ತೇವೆ ಅನ್ನುವ ಮಾತನ್ನು ನಾಲ್ಕು ವರ್ಷದಿಂದ ಕೇಳುತ್ತಲೇ ಬಂದಿದ್ದೆ.

ಫೋರ್‌ಮನ್ ಕಂಡರೆ ಯಾರಿಗೂ ಅಷ್ಟಕ್ಕಷ್ಟೆ. ಒಣಕಲು ಮೈ, ಯಾವಾಗಲೂ ತುಂಬು ತೋಳಿನ ಖಾಕಿ ಶರಟು, ಜೇಬಿನಲ್ಲಿ ಅಳತೆಯ ವರ್ನಿಯರ್. ನಗುವುದನ್ನು ನೋಡಿದವರಿಲ್ಲ. ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ತುಂಡಿಗೆ ಕೆಂಪು ಪೇಂಟ್ ಬಳಿದು ಪಕ್ಕಕ್ಕೆ ತಳ್ಳುತ್ತಿದ್ದರು. ಒಮ್ಮೆ ನನ್ನ ಹನ್ನೆರಡು ತುಂಡುಗಳಿಗೆ ಎಲ್ಲರೆದುರು ಹಾಗೆ ಕೆಂಪು ಬಳಿದರು. ಕಣ್ಣಿಲ್ಲದವನ ಕೆಲಸ ಎಂದರು. ಅಂದಿನಿಂದ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಹತ್ತಿರ ಅವರನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ನನ್ನ ಹೊಟ್ಟೆನೋವು ಯುಗಾದಿಯ ಹೋಳಿಗೆ ಊಟದ ಮಾರನೆಯ ದಿನ ಶುರುವಾದದ್ದು. ಗ್ಯಾಸ್ ಎಂದುಕೊಂಡೆ. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗಿದೆ, ಸೋಡಾ ಕುಡಿದೆ, ಜೀರಿಗೆ ಕಷಾಯ ಕುಡಿದೆ. ಹೀಗೆ ನಾಲ್ಕು ತಿಂಗಳು ತಳ್ಳಿದೆ. ಒಂದು ಬೆಳಗ್ಗೆ ಮಷೀನ್ ಮುಂದೆ ನಿಂತಿದ್ದವನಿಗೆ ಬಲ ಪಕ್ಕೆಯ ಕೆಳಗೆ ಯಾರೋ ಸ್ಕ್ರೂಡ್ರೈವರ್ ಹಾಕಿ ತಿರುವಿದಂತಾಯಿತು. ಮಂಡಿಯೂರಿ ಕುಸಿದೆ. ಮಷೀನ್ ನಿಂತ ಸದ್ದು ಕೇಳಿಸಿತು. ಕಣ್ಣು ಬಿಟ್ಟರೆ ಫೋರ್‌ಮನ್ ನನ್ನೆದುರು ಕುಕ್ಕರುಗಾಲಲ್ಲಿ ಕುಳಿತಿದ್ದರು.

“ನೋವು ಬೆನ್ನಿಗೆ ಹೊಡಿತದಾ?” ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ.

“ಗ್ಯಾಸೂ ಅಲ್ಲ ಗೀಸೂ ಅಲ್ಲ. ಕಲ್ಲು ಕಣೋ ಇದು.”

ತಮ್ಮ ಬೈಕಿನಲ್ಲಿ ನನ್ನನ್ನು ಕೂರಿಸಿ, ಬೀಳದಂತೆ ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದವರು ಅವರೇ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಅದನ್ನೇ ಹೇಳಿದರು. ಮೂರನೆಯ ದಿನ ಆಪರೇಷನ್ ಆಯಿತು.

ಹೊಟ್ಟೆಗೆ ನಾಲ್ಕು ತೂತು, ಅಷ್ಟೇ. ಒಂದು ಹೊಕ್ಕುಳ ಬಳಿ, ಮೂರು ಮೇಲೆ. ಎರಡೇ ದಿನಕ್ಕೆ ಮರಳೂರಿನ ಬಾಡಿಗೆ ಮನೆಗೆ ಬಂದೆ. ಆದರೆ ಒಳಗೆ ಏನಾಗಿತ್ತು ಎನ್ನುವುದು ನನಗೇ ಗೊತ್ತು. ಎಡಕ್ಕೆ ಹೊರಳಿದರೆ ಒಳಗಿನದೆಲ್ಲ ಎಡಕ್ಕೆ ಜಾರಿದಂತಾಗುತ್ತಿತ್ತು. ಆಪರೇಷನ್ ಹೊತ್ತಲ್ಲಿ ಹೊಟ್ಟೆಗೆ ತುಂಬಿದ್ದ ಗಾಳಿ ಭುಜಕ್ಕೇರಿ ಕೂತು, ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು. ಹೆಂಡತಿ ಕಾಯಿ ಹಾಕದೆ, ಒಗ್ಗರಣೆ ಹಾಕದೆ ಬೇಳೆಕಟ್ಟು, ರಾಗಿ ಗಂಜಿ ಕೊಡುತ್ತಿದ್ದಳು. ನೋಡಲು ಬಂದ ನೆಂಟರು ಶರಟು ಎತ್ತಿಸಿ ನೋಡಿ, ಇಷ್ಟೇನಾ ಎಂದು ಸ್ವಲ್ಪ ನಿರಾಸೆಯಿಂದಲೇ ಕಾಫಿ ಕುಡಿದು ಹೋಗುತ್ತಿದ್ದರು. ಗಾಯ ಚಿಕ್ಕದಾದರೆ ಕಾಯಿಲೆಯೂ ಚಿಕ್ಕದು ಎಂದು ಜನಕ್ಕೆ ಅನ್ನಿಸುತ್ತದೆ. ನನಗೂ ಒಂಥರಾ ನಾಚಿಕೆಯಾಗುತ್ತಿತ್ತು.

ಆರನೆಯ ದಿನ ಸಂಜೆ ಫೋರ್‌ಮನ್ ಬಂದರು. ಒಂದು ಪಪ್ಪಾಯಿ ತಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು ಕಲ್ಲೆಲ್ಲಿ ಎಂದು ಕೇಳಿದರು. ಹೆಂಡತಿ ಡಬ್ಬಿ ತಂದುಕೊಟ್ಟಳು. ಅವರು ಅತಿ ದೊಡ್ಡ ಕಲ್ಲನ್ನು ಆರಿಸಿ, ಜೇಬಿನಿಂದ ವರ್ನಿಯರ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಅಳೆದರು. ಇನ್ನೊಂದು ಕಡೆಯಿಂದ ತಿರುಗಿಸಿ ಮತ್ತೆ ಅಳೆದರು. ಮುಚ್ಚಳದ ಮೇಲೆ ಮಿಲಿಮೀಟರಿನ ಅಂಕಿ ಬರೆದು, ಸದ್ಯ ಇದಕ್ಕೆ ಕೆಂಪು ಬಳಿಯುವ ಹಾಗಿಲ್ಲ ಎಂದರು. ಅದು ತಮಾಷೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಕ್ಕೆ. ನಕ್ಕದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನರಳಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು. “ಆರು ವಾರ ಭಾರ ಎತ್ತಬ್ಯಾಡ. ತೂತು ಚಿಕ್ಕದು ಅಂತ ಯಾವನಾದ್ರೂ ಹೇಳ್ತಾನೆ. ಕೇಳ್ಬ್ಯಾಡ.”

ಹಾಗೆ ಹೇಳಿದವನು ಮ್ಯಾನೇಜರ್. ಎರಡು ವಾರ ಕಳೆಯುವಷ್ಟರಲ್ಲಿ ಫೋನ್ ಬಂತು. ಈಗಿನ ಕಾಲದ ಆಪರೇಷನ್ ಅಲ್ಲವೇ, ಜನ ವಾರಕ್ಕೆಲ್ಲ ಓಡಾಡುತ್ತಾರೆ ಎಂದ. ತಿಂಗಳ ಕೊನೆಗೆ ಪರ್ಮನೆಂಟ್ ಪಟ್ಟಿ ಹೋಗುತ್ತದೆ, ಮಷೀನಿನ ಮುಂದೆ ಇಲ್ಲದವನ ಹೆಸರು ಹೇಗೆ ಬರೆಯಲಿ ಎಂದ. ಹದಿನೈದನೆಯ ದಿನ ಬಸ್ಸು ಹತ್ತಿದೆ. ಹಂಪು ಬಂದಾಗಲೆಲ್ಲ ಸೀಟಿನ ಕಂಬಿ ಹಿಡಿದು ಮೇಲೇಳುತ್ತಿದ್ದೆ.

ಮೊದಲ ತುಂಡು ನೆಲದ ಮೇಲಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ದೇವರ ಹೆಸರು ಹೇಳಿ ಬಗ್ಗಿದೆ. ನನ್ನ ಕೈ ತಾಗುವ ಮೊದಲೇ ಖಾಕಿ ತೋಳಿನ ಎರಡು ಕೈ ಅದನ್ನು ಎತ್ತಿದವು. ಫೋರ್‌ಮನ್ ಮಾತಿಲ್ಲದೆ ಅದನ್ನು ಮಷೀನಿಗೆ ಕಚ್ಚಿಸಿ, ಕೀ ಹಾಕಿ ತಾವೇ ಬಿಗಿ ಮಾಡಿ, ಸ್ವಿಚ್ ಕಡೆ ಕೈ ತೋರಿಸಿದರು. ತುಂಡು ಮುಗಿದಾಗ ಮತ್ತೆ ಬಂದರು. ಇಳಿಸಿದರು, ಇನ್ನೊಂದು ಎತ್ತಿದರು. ಅವತ್ತು ಇಪ್ಪತ್ತೈದೂ ಅವರೇ. ಮಾರನೆಯ ದಿನವೂ ಅವರೇ.

ಅವರಿಗೆ ಆಗ ಐವತ್ತೇಳು ವರ್ಷ. ಉಳಿದ ಮಷೀನುಗಳನ್ನೂ ನೋಡಿಕೊಳ್ಳಬೇಕಿತ್ತು. ಹಾಲ್‌ನ ಆ ಮೂಲೆಯಲ್ಲಿದ್ದರೂ ನನ್ನ ಮಷೀನ್ ಸದ್ದು ಬದಲಾದರೆ ಸಾಕು, ನಡೆದು ಬರುತ್ತಿದ್ದರು. ಒಂದು ದಿನ ಮ್ಯಾನೇಜರ್ ನಿಂತು ನೋಡಿ, ಇದೇನು ಎಂದು ಕೇಳಿದ. ಸೆಟ್ಟಿಂಗ್ ಸರಿಯಿಲ್ಲ, ಚೆಕ್ ಮಾಡುತ್ತಿದ್ದೇನೆ ಎಂದರು ಫೋರ್‌ಮನ್. ಮರುದಿನವೂ ಅದೇ ಉತ್ತರ. ಕೂದಲೆಳೆ ತಪ್ಪನ್ನು ಕ್ಷಮಿಸದ ಮನುಷ್ಯ ನನಗಾಗಿ ದಿನವೂ ಸುಳ್ಳು ಹೇಳುತ್ತಿದ್ದರು. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಅದು ತಿಳಿದದ್ದು ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ. ಕೈ ತೊಳೆಯಲು ಹಿಂದಿನ ನಲ್ಲಿಗಳ ಕಡೆ ಹೋದೆ. ಫೋರ್‌ಮನ್ ಗೋಡೆಗೆ ಒರಗಿ, ಶರಟಿನ ಗುಂಡಿ ಬಿಚ್ಚಿ ನಿಂತಿದ್ದರು. ಮುಖ ಬೆವರಿನಿಂದ ಹೊಳೆಯುತ್ತಿತ್ತು. ಹೊಟ್ಟೆಗೆ ಸುತ್ತಿದ್ದ ಅಗಲದ ಬೆಲ್ಟು ಸಡಿಲಾಗಿ ನೇತಾಡುತ್ತಿತ್ತು. ಬಲ ಪಕ್ಕೆಯ ಕೆಳಗೆ ಓರೆಯಾಗಿ, ಗೇಣುದ್ದದ ಹಳೆಯ ಗಾಯದ ಗೆರೆ. ಆ ಗೆರೆಯ ನಡುವೆ ಮುಷ್ಟಿಯಷ್ಟು ದಪ್ಪ ಏನೋ ಉಬ್ಬಿಕೊಂಡಿತ್ತು. ಅದನ್ನು ಅವರು ಅಂಗೈಯಲ್ಲಿ ಮೆಲ್ಲಗೆ ಒಳಕ್ಕೆ ಒತ್ತುತ್ತಿದ್ದರು...

ನನ್ನನ್ನು ಕಂಡು ಶರಟು ಎಳೆದುಕೊಳ್ಳಲಿಲ್ಲ. ನಿಧಾನವಾಗಿ ಬೆಲ್ಟು ಬಿಗಿದುಕೊಂಡರು.

ಅವರಿಗೂ ಮೂವತ್ತರ ವಯಸ್ಸಿನಲ್ಲಿ ಪಿತ್ತಕೋಶ ತೆಗೆದಿದ್ದರಂತೆ. ಆಗ ಹೊಟ್ಟೆ ಕೊಯ್ದೇ ತೆಗೆಯಬೇಕಿತ್ತು. ಇಪ್ಪತ್ತನೆಯ ದಿನಕ್ಕೆ ಕೆಲಸಕ್ಕೆ ಕರೆದರಂತೆ, ಹೋದರಂತೆ. ವಾರದೊಳಗೆ ಒಳಗಿನ ಹೊಲಿಗೆ ಬಿಟ್ಟು ಕರುಳು ಹೊರಗೆ ಉಬ್ಬಿತು. ಡಾಕ್ಟರು ಇನ್ನೊಂದು ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಒಂದು ಬಿಂದಿಗೆ ನೀರನ್ನೂ ಎತ್ತಕೂಡದು ಎಂದಿದ್ದರಂತೆ. ಮತ್ತೆ ರಜೆ ಕೇಳುವ ಮುಖವಿಲ್ಲದೆ ಬೆಲ್ಟಿನಲ್ಲೇ ಅಷ್ಟು ವರ್ಷ ಕಳೆದಿದ್ದರು.

“ನಂಗೆ ಯಾರೂ ಎತ್ಕೊಡ್ಲಿಲ್ಲ ಕಣೋ. ಅದಕ್ಕೆ,” ಎಂದರು.

ಹಾಗಾದರೆ ನೀವು ಎತ್ತಲೇಬಾರದಲ್ಲ ಸಾರ್, ನಾನು ಮ್ಯಾನೇಜರ್‌ಗೆ ಹೇಳುತ್ತೇನೆ ಎಂದೆ.

“ಹೇಳಿ ಪಟ್ಟಿಯಿಂದ ಹೆಸ್ರು ತೆಗೆಸ್ಕೊಂಡೀಯ. ನಿಂದು ಆರು ವಾರ ತುಂಬೋಕೆ ಇನ್ನ ಒಂಬತ್ತು ದಿನ ಐತೆ. ಸುಮ್ಕಿರು.”

ನಾನು ಸುಮ್ಮನಿದ್ದೆ.

ಅದನ್ನು ಬರೆಯಲು ಇವತ್ತೂ ಕೈ ತಡೆಯುತ್ತದೆ. ಅವರ ಹೊಟ್ಟೆ ನೋಡುವ ಮೊದಲು ಎತ್ತಿಸಿಕೊಂಡದ್ದು ಬೇರೆ. ನೋಡಿದ ಮೇಲೂ ಒಂಬತ್ತು ದಿನ, ಅವರು ಬಗ್ಗುವಾಗ ನಾನು ಅಳತೆ ನೋಡುವವನಂತೆ ಮುಖ ತಿರುಗಿಸಿ ನಿಂತಿದ್ದೆ. ಎತ್ತುವಾಗ ಅವರ ಬಾಯಿಂದ ಹೊರಡುತ್ತಿದ್ದ ಚಿಕ್ಕ ಉಸಿರು ಮಷೀನಿನ ಸದ್ದಿನಲ್ಲೂ ನನಗೆ ಕೇಳಿಸುತ್ತಿತ್ತು. ನಾನೇ ಎತ್ತುತ್ತೇನೆ ಎಂದು ಒಂದು ಸಲ ಕೈ ಚಾಚಿದೆ. ಗದರಿದರು. ಆ ಗದರಿಕೆಯಿಂದ ನನಗೆ ನಿಜವಾಗಿ ಸಮಾಧಾನವೇ ಆಯಿತು. ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ತಟ್ಟೆ ಕೆಳಗಿಟ್ಟು, ಅಷ್ಟು ನೋವಿರುವವರ ಕೈಲಿ ಹೀಗೆ ಮಾಡಿಸಬಹುದಾ ಎಂದು ಕೇಳಿದಳು. ಪಟ್ಟಿ ಹೋಗಲಿ, ಆಮೇಲೆ ನೋಡೋಣ ಎಂದೆ.

ಪಟ್ಟಿ ಹೋಯಿತು. ನನ್ನ ಹೆಸರು ಇತ್ತು. ಆರು ವಾರ ತುಂಬಿದ ಬೆಳಗ್ಗೆ ಫೋರ್‌ಮನ್ ಮಷೀನ್ ಹತ್ತಿರ ಬಂದು, ಇವತ್ತಿಂದ ನೀನು, ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸಿ ಎತ್ತು ಎಂದು ಹೇಳಿ ಹೋದರು. ಮಧ್ಯಾಹ್ನ ಬಂದು ನನ್ನ ಎರಡು ತುಂಡುಗಳಿಗೆ ಕೆಂಪು ಬಳಿದರು.

ಮುಂದಿನ ವರ್ಷ ಅವರು ರಿಟೈರ್ ಆಗಿ ಚೇಳೂರಿನ ಹತ್ತಿರದ ತಮ್ಮ ಊರಿಗೆ ಹೋದರು. ಹಾರ ಹಾಕಿ ಕಳಿಸಿದೆವು. ನನಗೆ ಹೇಳುವುದು ಬಹಳ ಇತ್ತು. ಫೋಟೋಗೆ ನಿಲ್ಲುವ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ. ಆಮೇಲೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಹೊಟ್ಟೆ ಹೇಗಿದೆ ಸಾರ್, ಆಪರೇಷನ್ ಮಾಡಿಸಿಕೊಂಡಿರಾ ಎಂದು ಕೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಕೇಳಿದರೆ ಆ ಒಂಬತ್ತು ದಿನದ ಮಾತು ಬರುತ್ತದೆಂದು ಹಿಂಜರಿದು ಮಳೆ ಹೇಗಿದೆ ಎಂದು ಕೇಳುತ್ತಿದ್ದೆ. ಕೊನೆಯ ಸಲ ಅವರೇ ಫೋನ್ ಮಾಡಿದ್ದರು. ಅವರೆಕಾಯಿ ಬಂದಿದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾ ಎಂದರು. ಬರುವ ಭಾನುವಾರ ಬರ್ತೀನಿ ಸಾರ್ ಎಂದೆ. ಆ ಭಾನುವಾರ ಕುಣಿಗಲ್‌ನಲ್ಲಿ ನಾದಿನಿಯ ಮಗುವಿನ ನಾಮಕರಣವಿತ್ತು. ಅದರ ಮುಂದಿನ ಭಾನುವಾರ ಓವರ್‌ಟೈಮ್. ಅದರ ಮುಂದಿನದು...

ಸುದ್ದಿ ವರ್ಕ್‌ಶಾಪಿಗೆ ಬಂದಾಗ ಎಲ್ಲ ಮುಗಿದು ಮೂರು ದಿನವಾಗಿತ್ತು. ಉಬ್ಬಿದ್ದ ಕರುಳು ಸಿಕ್ಕಿಹಾಕಿಕೊಂಡಿತ್ತಂತೆ. ಇಡೀ ಒಂದು ದಿನ ಗ್ಯಾಸ್ ಇರಬೇಕು ಎಂದು ಮಲಗಿದ್ದರಂತೆ. ಗುಬ್ಬಿಯ ಆಸ್ಪತ್ರೆಗೆ ಕರೆತಂದು, ಅಲ್ಲಿಂದ ತುಮಕೂರಿಗೆ ಬರುವ ದಾರಿಯಲ್ಲಿ ಹೋಗಿಬಿಟ್ಟರು.

ಮರುದಿನವೇ ಹೋದೆ. ಗುಬ್ಬಿಯಲ್ಲಿ ಇಳಿದು ಚೇಳೂರು ಬಸ್ಸು ಹಿಡಿದು, ಅಲ್ಲಿಂದ ಕೇಳಿಕೊಂಡು ಮನೆ ಹುಡುಕಿದೆ. ಅವರ ಹೆಂಡತಿ ಜಗಲಿಯ ಮೇಲೆ ಕುಳಿತಿದ್ದರು. ನಾನು ಯಾರೆಂದು ಹೇಳುವ ಮೊದಲೇ, “ಕಲ್ಲಿನವನು ನೀನೇನಾ?” ಎಂದು ಕೇಳಿದರು. ಫೋರ್‌ಮನ್ ಮನೆಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದರಂತೆ. ಕಲ್ಲಿನವನು ಇವತ್ತು ಪರವಾಗಿಲ್ಲ, ಕಲ್ಲಿನವನು ಇವತ್ತು ನೆಟ್ಟಗೆ ನಿಂತಿದ್ದ ಎಂದು ದಿನವೂ ಬಂದು ಹೇಳುತ್ತಿದ್ದರಂತೆ. ನಾನು ಆ ತಾಯಿಯ ಕಾಲ ಬಳಿ ಕುಳಿತು ಎಲ್ಲ ಹೇಳಿದೆ. ನಲ್ಲಿಯ ಹತ್ತಿರ ನೋಡಿದ್ದನ್ನೂ, ಸುಮ್ಮನಿದ್ದದ್ದನ್ನೂ.

ಅವರು ಬೈಯಲಿಲ್ಲ.

“ನಿನ್ನಿಂದ ಆಯ್ತು ಅಂತ ನಾನು ಅನ್ನಾಕಿಲ್ಲ ಕಣಪ್ಪ. ಆಪರೇಷನ್ ಮಾಡಿಸ್ಕಳಿ ಅಂತ ಇಪ್ಪತ್ತೈದು ವರ್ಷ ಹೇಳ್ದೆ, ನನ್ ಮಾತು ಕೇಳ್ಲಿಲ್ಲ. ನೀನು ಒಂದ್ ಮಾತು ಹೇಳಿದ್ರೆ ಕೇಳ್ತಿದ್ರೇನೋ. ನಿನ್ ಮೇಲೆ ಬಲು ಆಸೆ ಅವ್ರಿಗೆ.”

ಅಷ್ಟು ಹೇಳಿ, ಬಿಸಿಲಲ್ಲಿ ಬಂದಿದ್ದೀಯ ಎಂದು ಒಳಗೆ ಹೋಗಿ ಮಜ್ಜಿಗೆ ತಂದರು. ಕುಡಿದೆ. ಕುಡಿಯದೆ ಇರಲು ಆಗಲಿಲ್ಲ.

ಈಗ ನಾನು ಎಲ್ಲವನ್ನೂ ತಿನ್ನುತ್ತೇನೆ, ಮನೆಯಲ್ಲಿ ಎಂಥ ಭಾರವನ್ನೂ ಎತ್ತುತ್ತೇನೆ. ವರ್ಕ್‌ಶಾಪಿನಲ್ಲಿ ಒಂದೊಂದು ಮಷೀನಿನ ಮೇಲೂ ಚೈನ್ ಪುಲ್ಲಿ ಬಂದಿದೆ, ಕೈಯಲ್ಲಿ ಎತ್ತುವವರು ಇಲ್ಲ. ಹಳೆಯ ಫೋರ್‌ಮನ್ ಹೇಗಿದ್ದರು ಎಂದು ಹೊಸಬರು ಕೇಳಿದರೆ ನಾನು ಕೆಂಪು ಪೇಂಟಿನ ಕತೆ ಹೇಳುತ್ತೇನೆ, ಕಲ್ಲು ಅಳೆದ ಕತೆ ಹೇಳುತ್ತೇನೆ, ಇಪ್ಪತ್ತೈದು ತುಂಡು ಎತ್ತಿಕೊಟ್ಟದ್ದನ್ನೂ ಹೇಳುತ್ತೇನೆ. ಎಲ್ಲರೂ, ಎಂಥ ಮನುಷ್ಯ ಎನ್ನುತ್ತಾರೆ. ನಾನು ಅಲ್ಲಿಗೆ ನಿಲ್ಲಿಸಿ ಟೀ ಕುಡಿಯಲು ಏಳುತ್ತೇನೆ. ಮುಂದಿನದನ್ನು ಇಷ್ಟು ವರ್ಷ ಹೆಂಡತಿಗೆ, ಆ ತಾಯಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲವಾದ ಮೇಲೆ, ಇಲ್ಲಿ ಬರೆದಿದ್ದೇನೆ.