ಅಕ್ಕನ ಕುತ್ತಿಗೆ, ನನ್ನ ನಿಂಬೆಹಣ್ಣು

ನಾನು ಚಿಕ್ಕವನಿದ್ದಾಗ, ಅಂದ್ರೆ ತೊಟ್ಟಿಲಲ್ಲಿ ಮಲಗೋ ಅಷ್ಟು ಚಿಕ್ಕವನಲ್ಲ, ಹದಿಮೂರು ತುಂಬಿ, ಮೀಸೆ ಬಂತಾ ಅಂತ ದಿನಾ ಬೆಳಿಗ್ಗೆ ಚೊಂಬಿನ ನೀರಲ್ಲಿ ಮುಖ ನೋಡ್ಕೊಳ್ಳೋ ಅಷ್ಟು ಚಿಕ್ಕವನಿದ್ದಾಗ, ನಮ್ಮ ಅಟ್ಟೂರಲ್ಲಿ ನನ್ನಷ್ಟು ಚೆನ್ನಾಗಿ ಅಣಕ ಮಾಡೋನು ಇನ್ನೊಬ್ಬ ಇರ್ಲಿಲ್ಲ. ಮೇಷ್ಟ್ರು ಪಂಚೆ ಸರಿ ಮಾಡ್ಕೊಳ್ಳೋದು, ಪಟೇಲ್ರು ಸೀನೋದು, ನಮ್ಮ ಎತ್ತು ಸಗಣಿ ಹಾಕೋಕೆ ಮುಂಚೆ ಯೋಚನೆ ಮಾಡೋದು, ಎಲ್ಲಾ ಮಾಡಿ ತೋರಿಸ್ತಿದ್ದೆ. ನಾನು ಸೀನಿದ್ರೆ ಪಟೇಲ್ರ ಹೆಂಡ್ತಿ ಒಳಗಿಂದ ಬಿಸಿನೀರು ಹಿಡ್ಕೊಂಡು ಬಂದ್ಬಿಡ್ತಿದ್ರು. ಇದ್ರಲ್ಲಿ ಅರ್ಧ ಸುಳ್ಳು ಅಂತ ನಿಮ್ಮಜ್ಜಿ ಹೇಳ್ತಾಳೆ. ಇರ್ಲಿ. ಇವತ್ತಿನ ಕತೆಗೆ ನಾನು ಎಷ್ಟು ಸುಳ್ಳು ಬೆರೆಸಿದ್ರೂ ನನ್ನ ಮುಖ ಚೆನ್ನಾಗಿ ಕಾಣಲ್ಲ. ಅದಕ್ಕೆ ಇದ್ದಿದ್ದನ್ನ ಇದ್ದ ಹಾಗೇ ಹೇಳ್ತೀನಿ.

ನಮ್ಮದು ಕೋಸು ಬೆಳೆಯೋ ಮನೆ. ಈಗ ನೀವು ಪಿಜ್ಜಾ ತಿನ್ನೋಕೆ ಹೋಗ್ತೀರಲ್ಲ, ಆ ರಸ್ತೇಲಿ ಆಗ ಎಲೆಕೋಸಿನ ಸಾಲು. ಗಾಡಿ ತುಂಬೋ ದಿನ ಅಕ್ಕ ಸಾಲಲ್ಲಿ ಬಗ್ಗಿ ಕುಡುಗೋಲಲ್ಲಿ ಕೋಸು ಕೊಯ್ದು, ನೋಡದೇನೇ ಹಿಂದಕ್ಕೆ ತೂರ್ತಿದ್ಳು. ಗಾಡಿ ಮೇಲೆ ನಿಂತಿರ್ತಿದ್ದ ನನ್ನ ಎರಡು ಕೈಗೂ ಅದು ಸರಿಯಾಗಿ ಬಂದು ಕೂರೋದು. ನನಗಿಂತ ನಾಲ್ಕು ವರ್ಷ ದೊಡ್ಡೋಳು. ಕಣ್ಣು ಮುಚ್ಕೊಂಡು ನಿಂತ್ರೂ ಅವಳು ತೂರಿದ ಕೋಸು ನನ್ನ ಕೈ ಹುಡುಕ್ಕೊಂಡು ಬರ್ತಿತ್ತು.

ಒಳ್ಳೇ ಕೋಸೆಲ್ಲಾ ಸಿಟಿ ಮಾರ್ಕೆಟ್ಟಿಗೆ. ಕೋಳಿಮೊಟ್ಟೆ ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟಿನ, ಮನೆಗಳಿಗೆ. ಹಾಲು ಯಲಹಂಕದ ಹೋಟ್ಲಿಗೆ. ನಮಗೆ ಉಳೀತಿದ್ದಿದ್ದು ಬಿರುಕು ಬಿಟ್ಟ ಕೋಸು, ಹುಳ ರುಚಿ ನೋಡಿ ಬಿಟ್ಟ ಕೋಸು, ಮೇಲಿನ ದಪ್ಪ ಎಲೆ. ಬೆಳಿಗ್ಗೆ ಮುದ್ದೆಗೆ ಕೋಸಿನ ಬಸ್ಸಾರು, ಮಧ್ಯಾಹ್ನ ಕೋಸಿನ ಪಲ್ಯ, ಸಾಯಂಕಾಲ ಹೊಲದಲ್ಲೇ ಹಸಿ ಎಲೆ ಕಚಕಚ ಅಗಿಯೋದು. ಮನೆ ಒಳಗೆ ಕಾಲಿಟ್ರೆ ಬೆಂದ ಕೋಸಿನ ವಾಸನೆ ಎದ್ದು ಬಂದು ಎದುರುಗೊಳ್ತಿತ್ತು. ನಮ್ಮ ಬೆಕ್ಕು ಬೇಜಾರಾಗಿ ಪಕ್ಕದ ಮನೆಗೆ ಸಂಸಾರ ಬದಲಾಯಿಸ್ತು.

ಇನ್ನು ಅಮ್ಮನ ಉಪ್ಪು. ಆಗ ಕಲ್ಲುಪ್ಪು ಗೋಣಿಚೀಲದಲ್ಲಿ ಬರ್ತಿತ್ತು, ಮಣ್ಣು ಕಸ ಎಲ್ಲಾ ಸೇರಿ ಬೂದಿ ಬಣ್ಣ. ಅಮ್ಮಂಗೆ ಕೊಳೆ ಕಂಡ್ರೆ ಆಗ್ತಿರ್ಲಿಲ್ಲ. ಉಪ್ಪನ್ನ ಬಿದಿರು ಕುಕ್ಕೆಗೆ ಹಾಕಿ, ಮೇಲಿಂದ ಎರಡು ಚೊಂಬು ನೀರು ಸುರಿದು, ಕೈಯಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಮುತ್ತಿನ ಹಾಗೆ ಬಿಳೀ ಮಾಡಿ ಮಡಕೇಲಿ ತುಂಬ್ತಿದ್ರು. ಊರಲ್ಲೆಲ್ಲಾ ನಮ್ಮನೆ ಉಪ್ಪೇ ಬಿಳಿ ಅಂತ ಅವರಿಗೆ ಹೆಮ್ಮೆ.

ಆ ವರ್ಷ ಅಕ್ಕ ನಿಧಾನ ಆಗ್ಬಿಟ್ಳು. ಬೇಸಿಗೇಲೂ ಚಳಿ ಅಂತ ಕಂಬಳಿ ಹೊದ್ಕೊಳ್ಳೋಳು. ಕೂತಲ್ಲೇ ತೂಕಡಿಸೋಳು. ದನಿ ಗೊಗ್ಗರಾಯ್ತು, ತಲೆ ಬಾಚಿದ್ರೆ ಬಾಚಣಿಗೆ ತುಂಬಾ ಕೂದಲು. ತೂರಿದ ಕೋಸು ಗಾಡಿ ಮುಟ್ಟದೆ ಚಕ್ರದ ಹತ್ರ ಬೀಳೋಕೆ ಶುರು ಆಯ್ತು. ಆಮೇಲೆ ಕುತ್ತಿಗೆ ಮುಂದೆ, ಗಂಟಲ ಕೆಳಗೆ, ಒಂದು ಊತ ಕಾಣಿಸ್ಕೊಳ್ತು. ಮೊದಲು ಅಡಿಕೆಯಷ್ಟು, ದೀಪಾವಳಿ ಹೊತ್ತಿಗೆ ನಿಂಬೆಹಣ್ಣಷ್ಟು. ಏನಾದ್ರೂ ನುಂಗಿದ್ರೆ ಅದೂ ಮೇಲೆ ಹೋಗಿ ಕೆಳಗೆ ಬರ್ತಿತ್ತು.

ನಾನೇನ್ ಮಾಡ್ದೆ ಗೊತ್ತಾ? ಒಂದು ನಿಂಬೆಹಣ್ಣು ತಗೊಂಡೆ. ಟವೆಲ್ಲು ಕುತ್ತಿಗೆಗೆ ಸುತ್ತಿ ಅದರೊಳಗೆ ಸಿಕ್ಕಿಸ್ಕೊಂಡೆ. ಗಾಡಿ ತುಂಬೋಕೆ ಬಂದೋರ ಮುಂದೆ ಆಮೆ ಹಾಗೆ ನಡೆದು, ಗೊಗ್ಗರು ದನೀಲಿ "ಅಮ್ಮಾ… ಚಳಿ…" ಅಂದು, ಗೊಟಕ್ ಅಂತ ನುಂಗಿ ನಿಂಬೆಹಣ್ಣು ಕುಣಿಸಿದೆ. ಜನ ಹೊಟ್ಟೆ ಹಿಡ್ಕೊಂಡು ನಕ್ರು. ಅಪ್ಪನೂ ನಕ್ರು, ಆಮೇಲೆ ಮುಖ ತಿರುಗಿಸ್ಕೊಂಡ್ರು. ಅಕ್ಕ ಸೆರಗನ್ನ ಕುತ್ತಿಗೆ ಸುತ್ತಾ ಎಳ್ಕೊಂಡು ಒಳಗೆ ಹೋದ್ಳು. ಅವತ್ತಿಂದ ಊಟಕ್ಕೆ ನಮ್ಮ ಜೊತೆ ಕೂರ್ಲಿಲ್ಲ. ಅದಾದ ಮೇಲೆ ನನ್ನ ನಿಕ್ಕರ್ ಜೇಬಲ್ಲಿ ಒಂದು ನಿಂಬೆಹಣ್ಣು ಖಾಯಂ ಇರ್ತಿತ್ತು, ಯಾರು ಯಾವಾಗ ಕೇಳ್ತಾರೋ ಅಂತ.

ಈಗ ಆ ಒಂದು ದಿನಕ್ಕೆ ಬರ್ತೀನಿ. ಯಲಹಂಕದ ಸ್ಕೂಲ್ ಮೈದಾನಕ್ಕೆ ಜೀಪಲ್ಲಿ ಡಾಕ್ಟರಮ್ಮ ಬರ್ತಾರೆ ಅಂತ ಡಂಗೂರ ಆಗಿತ್ತು. ಅದೇ ದಿನ ಮಧ್ಯಾಹ್ನ ಮನೆಗೆ ಬಾ ಅಂತ ಅಪ್ಪ ಬರೆ ಹಾಕೋ ಮುದುಕಂಗೂ ಹೇಳಿ ಕಳಿಸಿದ್ರು. ಬರೆ ಅಂದ್ರೆ ಕಾದ ಕಬ್ಬಿಣದಲ್ಲಿ ಚರ್ಮ ಸುಡೋದು. ಊತಕ್ಕೆ ಬಿಸಿ ಮುಟ್ಟಿಸಿದ್ರೆ ಇಳಿಯುತ್ತೆ ಅಂತ ಜನ ನಂಬಿದ್ರು. ಅಮ್ಮ ಮಾತ್ರ, ಮೊದಲು ಡಾಕ್ಟರಮ್ಮಂಗೆ ತೋರಿಸೋಣ ಬಾ ಅಂತ ಅಕ್ಕನ್ನ ಕರೆದ್ರು.

ಅಕ್ಕ ಒಲ್ಲೆ ಅಂದ್ಳು. "ಅಲ್ಲಿ ಸೆರಗು ತೆಗೀಬೇಕು. ಊರೆಲ್ಲಾ ಲೈನಲ್ಲಿ ನಿಂತಿರ್ತಾರೆ. ಇವ್ನೂ ಇರ್ತಾನೆ. ಬರೆ ಆದ್ರೆ ಮನೇಲೇ ಹಾಕ್ತಾರೆ, ಯಾರೂ ನೋಡಲ್ಲ." ನನ್ನ ಕಡೆ ತಿರುಗೂ ನೋಡದೆ ಹೇಳಿದ್ಳು.

ನನಗೆ ಅದನ್ನ ಕೇಳಿ ಒಳಗೊಳಗೇ ಖುಷಿ ಆಯ್ತು ಕಣ್ರೋ. ಕಾದ ಕಬ್ಬಿಣಕ್ಕೂ ಹೆದರದ ಹುಡುಗಿ ನನ್ನ ಅಣಕಕ್ಕೆ ಹೆದರ್ತಾಳೆ ಅಂದ್ರೆ ನಾನೆಷ್ಟು ದೊಡ್ಡ ಕಲಾವಿದ ಅನ್ಕೊಂಡೆ. ಇದನ್ನ ಬರೆಯೋವಾಗ ಕಿವಿ ಬಿಸಿ ಆಗ್ತಿದೆ.

ಅಮ್ಮ ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ ಮೆಲ್ಲಗೆ ಹೇಳಿದ್ರು. "ಓಡೋಗಿ ಡಾಕ್ಟರಮ್ಮನ ಕೇಳ್ಕೊಂಡು ಬಾ ಮಗಾ. ಇಂಗಿಂಗೈತೆ, ಬರೆ ಆಕ್ಬೋದಾ ಅಂತ ಕೇಳು. ಊಟದ ಒತ್ತಿಗೆ ಆ ಮುದುಕ ಬಂದ್ಬುಡ್ತಾನೆ. ಅಷ್ಟ್ರೊಳಗೆ ಬಾ."

ಓಡೋಗಿದ್ದು ನಿಜ. ಆದ್ರೆ ಅಲ್ಲಿ ಲೈನ್ ನೋಡಿದ ತಕ್ಷಣ ಅಮ್ಮ ಹೇಳಿದ್ದು ಮರೆತೇ ಹೋಯ್ತು. ಹೆಬ್ಬಾಳದವರೆಗೂ ಇದೆಯೇನೋ ಅನ್ನೋ ಅಷ್ಟು ಉದ್ದ ಲೈನ್, ಯಾರಿಗೂ ಬೇರೆ ಕೆಲಸ ಇಲ್ಲ, ಎಲ್ಲರ ಕಣ್ಣೂ ಖಾಲಿ. ನಮ್ಮೂರಿನ ಒಬ್ಬ ಹುಡುಗ, "ಲೋ, ನಿಮ್ಮಕ್ಕಂದು ಒಂದ್ಸಲ ಮಾಡೋ" ಅಂದ. ಟವೆಲ್ಲು ಸುತ್ತಿದೆ. ನಿಂಬೆಹಣ್ಣು ಕುಣಿಸಿದೆ. ಮಕ್ಕಳು ಅಳು ನಿಲ್ಲಿಸಿದ್ರು, ಕೆಮ್ಮೋರು ಕೆಮ್ಮು ನಿಲ್ಲಿಸಿದ್ರು. ಇನ್ನೊಂದ್ಸಲ ಅಂದ್ರು, ಇನ್ನೊಂದ್ಸಲ ಮಾಡ್ದೆ.

ಗಲಾಟೆ ಕೇಳಿ ಡಾಕ್ಟರಮ್ಮ ಎದ್ದು ಬಂದ್ರು. ಬಿಳೀ ಸೀರೆ, ಮೈಯಿಂದ ಆಸ್ಪತ್ರೆ ಸೋಪಿನ ವಾಸನೆ. "ಏನಪ್ಪ, ಕುತ್ತಿಗೇಲಿ ಏನಾಗಿದೆ? ಬಾ ಇಲ್ಲಿ" ಅಂದು ಎಲ್ಲರ ಮುಂದೆ ಸ್ಟೂಲ್ ಮೇಲೆ ಕೂರಿಸಿದ್ರು. ಟವೆಲ್ಲು ಬಿಚ್ಚಿ ನಿಂಬೆಹಣ್ಣು ತೆಗೆದು ಮೇಜಿನ ಮೇಲಿಟ್ರು. ಬೈತಾರೆ ಅಂತ ಕಾದೆ. ಬೈಲಿಲ್ಲ. ಗದ್ದ ಮೇಲೆ ಮಾಡು ಅಂದು, ಒಂದು ಲೋಟ ನೀರು ಕೊಟ್ಟು, ನುಂಗು ಅಂದ್ರು. ತಣ್ಣನೆ ಬೆರಳಲ್ಲಿ ನನ್ನ ಗಂಟಲು ಮುಟ್ಟಿ ನೋಡಿದ್ರು. ಇನ್ನೊಂದು ಗುಟುಕು ಅಂದ್ರು. ಆಮೇಲೆ ನಿಧಾನವಾಗಿ ಹೇಳಿದ್ರು:

"ನಿಂಬೆಹಣ್ಣು ತೆಗೆದ ಮೇಲೂ ಒಂಚೂರು ಉಳ್ಕೊಂಡಿದ್ಯಲ್ಲಪ್ಪ."

ಲೈನಿಗೆ ಲೈನೇ ನಕ್ಕುಬಿಡ್ತು. ಅದುವರೆಗೆ ಆ ನಗು ನನ್ನ ಕಡೆಯಿಂದ ಹೋಗ್ತಿತ್ತು. ಅದು ನನ್ನ ಕಡೆಗೆ ಬಂದಾಗ ಹೇಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಕೈ ತಾನಾಗೇ ಟವೆಲ್ಲು ಹುಡುಕ್ತು.

ಮನೇಲಿ ಏನು ತಿಂತೀರ ಅಂತ ಕೇಳಿದ್ರು. ಕೋಸು ಅಂದೆ. ಅದರ ಜೊತೆಗೆ? ಕೋಸು. ಹಾಲು, ಮೊಟ್ಟೆ, ಮೀನು? ಅದೆಲ್ಲಾ ಪೇಟೆಗೆ ಮಾರೋದು, ತಿನ್ನೋದಲ್ಲ ಅಂದೆ. ಉಪ್ಪು? ಅಮ್ಮ ಉಪ್ಪು ತೊಳೆಯೋದನ್ನ ಹೇಳಿದಾಗ ಅವರು ಪೆನ್ನು ಕೆಳಗಿಟ್ರು. ಗಂಟಲ ಮುಂದೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಒಂದು ಗ್ರಂಥಿ ಇದೆ, ಮೈ ಬೆಚ್ಚಗಿಡೋದು, ಚುರುಕಾಗಿಡೋದು ಅದರ ಕೆಲಸ, ಅದಕ್ಕೆ ಬೇಕಾದ್ದು ಅಯೋಡಿನ್ ಅನ್ನೋ ಒಂದು ಚಿಟಿಕೆ ಪದಾರ್ಥ ಅಂತ ವಿವರಿಸಿದ್ರು. ಅದು ಸಿಗದಿದ್ರೆ ಗ್ರಂಥಿ ಹೆಂಗಾದ್ರೂ ಕೆಲಸ ಮಾಡ್ಬೇಕು ಅಂತ ಒದ್ದಾಡಿ ಊದ್ಕೊಳ್ಳುತ್ತಂತೆ. "ಕಲ್ಲುಪ್ಪಲ್ಲಿ ಅದು ಇರೋದೇ ಕಮ್ಮಿ, ತೊಳೆದ್ರೆ ಆ ಕಮ್ಮೀನೂ ಹೋಯ್ತು. ಕೋಸು ವಿಷ ಏನಲ್ಲ. ಆದ್ರೆ ಬೇರೇನೂ ತಿನ್ನದೆ ಮೂರು ಹೊತ್ತೂ ಅದನ್ನೇ ತಿಂದ್ರೆ ಇದ್ದ ಚೂರು ಅಯೋಡಿನ್ನೂ ಗ್ರಂಥಿಗೆ ದಕ್ಕಲ್ಲ."

ಆಮೇಲೆ ನನ್ನೇ ನೋಡ್ತಾ ಕೇಳಿದ್ರು. "ಈಗ ಯಾರ ಹಾಗೆ ಮಾಡಿ ತೋರಿಸ್ತಿದ್ದೆ?"

ಆಗ ನೆನಪಾಯ್ತು ಅಮ್ಮ ಕಳಿಸಿದ್ದು. ನಾನು ತೊದಲ್ತಾ ಅಕ್ಕನ ಊತ, ಬರೆ ವಿಷಯ ಹೇಳೋ ಅಷ್ಟ್ರಲ್ಲೇ ಅವರು ಚೀಟಿ ಹರಿದು ಬರೆದ್ರು: ಬರೆ ಹಾಕಬೇಡಿ, ಅದರಿಂದ ಗಾಯ ಆಗುತ್ತೆ ಅಷ್ಟೆ, ಹುಡುಗೀನ ಇವತ್ತೇ ಕರ್ಕೊಂಡು ಬನ್ನಿ. "ನಾನು ಸಾಯಂಕಾಲದವರೆಗೂ ಇರ್ತೀನಿ. ಓಡು" ಅಂದ್ರು.

ಓಡಿದ್ದಿದ್ರೆ ಸಮಯಕ್ಕೆ ಸರಿಯಾಗಿ ಸೇರ್ತಿದ್ದೆ. ಆದ್ರೆ ಅಟ್ಟೂರಿನ ರಸ್ತೆ ಬಾಯಲ್ಲೇ ನಮ್ಮೂರಿನ ಹುಡುಗರು, ಲೈನಿಂದ ನನಗಿಂತ ಮುಂಚೆ ಓಡಿ ಬಂದು, ಸಾಲಾಗಿ ನಿಂತಿದ್ರು. ನನ್ನ ಕಂಡ ತಕ್ಷಣ ಒಬ್ಬ ಆಮೆ ಹಾಗೆ ನಡೆದ, ಇನ್ನೊಬ್ಬ ಗೊಟಕ್ ಅಂತ ನುಂಗಿದ. ನನ್ನ ಅಣಕಾನ ನನ್ನ ಮೇಲೇ ಮಾಡ್ತಿದ್ರು, ಅದೂ ಕೆಟ್ಟದಾಗಿ. ಸುಮ್ನೆ ಅವರ ಮಧ್ಯ ನುಗ್ಗಿ ಹೋಗ್ಬೋದಿತ್ತು. ನನ್ನ ಕೈಲಿ ಆಗ್ಲಿಲ್ಲ. ಸುಡೋ ಬಿಸಿಲಲ್ಲಿ ಟವೆಲ್ಲನ್ನ ಕುತ್ತಿಗೆಗೆ ಎರಡು ಸುತ್ತು ಸುತ್ಕೊಂಡು, ರಸ್ತೆ ಬಿಟ್ಟು, ಕೆರೆ ಅಂಗಳಕ್ಕೆ ಇಳಿದೆ. ಕೆಸರು, ಜೊಂಡು, ಮುಳ್ಳು. ಸುತ್ತಿ ಬಳಸಿ ಮನೆ ಸೇರೋಕೆ ಎರಡರಷ್ಟು ಹೊತ್ತಾಯ್ತು. ಚೀಟಿ ಕೈಯಲ್ಲಿ ಬೆವರಿಗೆ ಒದ್ದೆ ಆಗಿತ್ತು.

ಅಂಗಳಕ್ಕೆ ಕಾಲಿಟ್ಟಾಗ ಮನೇಲಿ ಕೋಸಿನ ವಾಸನೆ ಇರ್ಲಿಲ್ಲ. ಬೇರೆ ವಾಸನೆ ಇತ್ತು. ಅದನ್ನ ನಿಮಗೆ ವರ್ಣಿಸಲ್ಲ.

ಒಂದು ಬರೆ ಆಗಿಹೋಗಿತ್ತು. ಎರಡನೇದಕ್ಕೆ ಕಬ್ಬಿಣ ಕೆಂಡದಲ್ಲಿ ಕೆಂಪಗೆ ಕಾಯ್ತಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ಳು, ಬಾಯಲ್ಲಿ ಸೆರಗು ತುರುಕ್ಕೊಂಡು. ನಾನು ಚೀಟಿ ಚಾಚಿದೆ. ಅಪ್ಪಂಗೆ ಓದು ಬರ್ತಿರ್ಲಿಲ್ಲ, ಅದಕ್ಕೆ ಅಕ್ಕನೇ ಇಸ್ಕೊಂಡು, ಬಾಯಿಂದ ಸೆರಗು ತೆಗೆದು, ಗೊಗ್ಗರು ದನೀಲಿ ಒಂದೊಂದೇ ಪದ ಓದಿದ್ಳು. ಬರೆ ಹಾಕಬೇಡಿ ಅನ್ನೋದನ್ನೂ ಅವಳೇ ಓದಿದ್ಳು.

ಅಪ್ಪ ಮುದುಕನ ಕೈ ಹಿಡಿದು, "ಸಾಕು ಬುಡಿ ತಾತ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿದ್ರು. "ಇಷ್ಟೊತ್ತು ಏನ್ ಮಾಡ್ತಿದ್ದೆ?"

"ಲೈನ್ ಉದ್ದ ಇತ್ತು" ಅಂದೆ.

ಅಕ್ಕ ನನ್ನ ಕಾಲು ನೋಡಿದ್ಳು. ಮಂಡಿವರೆಗೂ ಕೆರೆ ಕೆಸರು ಮೆತ್ಕೊಂಡಿತ್ತು. ರಸ್ತೇಲಿ ಧೂಳು ಬಿಟ್ರೆ ಬೇರೇನೂ ಇರಲ್ಲ ಅಂತ ಅವಳಿಗೆ ಗೊತ್ತು. ಕುತ್ತಿಗೆಗೆ ಸುತ್ತಿದ ಟವೆಲ್ಲನ್ನೂ ನೋಡಿದ್ಳು. ಆಮೇಲೆ ನನಗೆ ಮಾತ್ರ ಕೇಳೋ ಹಾಗೆ, "ಹೋಗಿ ಕಾಲು ತೊಳ್ಕೋ, ಅಪ್ಪ ನೋಡ್ತಾರೆ" ಅಂದ್ಳು.

ಅಪ್ಪ ತಕ್ಷಣ ಗಾಡಿ ಕಟ್ಟಿದ್ರು. ಡಾಕ್ಟರಮ್ಮ ಅಕ್ಕನ್ನ ಜೀಪಿನ ಮರೆಯಲ್ಲಿ ಕೂರಿಸಿ, ಬೇರೆ ಯಾರೂ ನೋಡದ ಹಾಗೆ ಪರೀಕ್ಷೆ ಮಾಡಿದ್ರು. ಹಾಗೆ ಮರೆ ಮಾಡಿ ಅಂತ ನಾನು ಬೆಳಿಗ್ಗೇನೇ ಒಂದು ಮಾತು ಕೇಳಿದ್ರೂ ಮಾಡ್ತಿದ್ರು. ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ರು. ಅಲ್ಲಿ ಅಳತೆ ಮಾಡಿ ಕೊಟ್ಟ ಔಷಧಿ ಕುಡೀತಾ ಕುಡೀತಾ ಒಂದು ವರ್ಷದಲ್ಲಿ ಊತ ಬಹಳ ಮಟ್ಟಿಗೆ ಇಳೀತು, ಪೂರ್ತಿ ಹೋಗ್ಲಿಲ್ಲ. ನಂದು ಕೆಲವು ತಿಂಗಳಲ್ಲೇ ಹೋಯ್ತು. ಅಪ್ಪ ಎರಡು ಕೋಳಿ ಮೊಟ್ಟೆ, ಒಂದು ಚೊಂಬು ಹಾಲು ಮನೆಗೇ ಇರ್ಲಿ ಅಂದ್ರು. ಅಮ್ಮ ಉಪ್ಪಿನ ಕುಕ್ಕೇನ ಅಟ್ಟಕ್ಕೆ ಎಸೆದು, ನಾನೇ ತೊಳೆದು ಚೆಲ್ಲಿದೆನಲ್ಲ ಅಂತ ಎಷ್ಟೋ ದಿನ ಹಲುಬಿದ್ರು. ಗೊತ್ತಿಲ್ಲದೆ ಮಾಡಿದ ಅಮ್ಮ ಅತ್ರು. ಗೊತ್ತಿದ್ದೂ ಮಾಡಿದ ನಾನು ಪಕ್ಕದಲ್ಲೇ ಕೂತು ಮೊಟ್ಟೆ ತಿಂತಿದ್ದೆ.

ಅಮೃತಹಳ್ಳೀಲಿರೋ ನಿಮ್ಮ ದೊಡ್ಡಜ್ಜಿ ಕುತ್ತಿಗೇಲಿ ಒಂದು ಗೆರೆ ಇದೆಯಲ್ಲ, ಎಣ್ಣೆ ಸಿಡೀತು ಅಂತ ನಿಮಗೆ ಹೇಳಿದ್ದಾಳಲ್ಲ, ಅದು ಎಣ್ಣೆ ಅಲ್ಲ.

ನಿಮ್ಮ ಕಾಲ ಬೇರೆ. ಉಪ್ಪಿಗೆ ಅಯೋಡಿನ್ ಸೇರಿಸಿ ಪ್ಯಾಕೆಟ್ಟಲ್ಲೇ ಕೊಡ್ತಾರೆ. ಮುಚ್ಚಳ ಮುಚ್ಚಿ ಒಲೆಯಿಂದ ದೂರ ಇಟ್ರೆ ಸಾಕು, ಯಾರೂ ತೊಳೆಯಲ್ಲ. ನಿಮ್ಮ ತಟ್ಟೇಲಿ ಮೊಟ್ಟೆ, ಮೊಸರು, ಮೀನು ಎಲ್ಲಾ ಇದೆ, ಕೋಸು ಬಂದ್ರೆ ಮೂಗು ಮುರೀತೀರ. ಆದ್ರೂ ಥೈರಾಯ್ಡ್ ಬರುತ್ತೆ. ಕೆಲವರಿಗೆ ಮನೆತನದಲ್ಲೇ ಬರುತ್ತೆ. ಕೆಲವರ ಮೈ ಕಾಯೋ ಶಕ್ತಿ ದಾರಿ ತಪ್ಪಿ ಆ ಗ್ರಂಥಿ ಮೇಲೇ ಬೀಳುತ್ತೆ. ಅವರಿಗೆ ಒಳ್ಳೆ ಊಟ ಬೇಕು, ಆದ್ರೆ ಅದೊಂದೇ ಸಾಲಲ್ಲ. ಸ್ವಲ್ಪ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ ಮಾತ್ರೆ ದಿನಾ ನುಂಗ್ತಾರೆ. ಕಬ್ಬಿಣ ಕಾಯಿಸೋ ಮುದುಕ ಈಗ ನಮ್ಮ ಕಡೆ ಇಲ್ಲ.

ಮೊನ್ನೆ ನೀವಿಬ್ರೂ ಫೋನಲ್ಲಿ ಒಂದು ವೀಡಿಯೊ ತೋರಿಸಿದ್ರಿ, ಕ್ಲಾಸಿಗೆಲ್ಲಾ ಕಳಿಸಿದೀವಿ ಅಂದ್ರಿ. ನಿಮ್ಮ ಕ್ಲಾಸಿನ ಹುಡುಗಿ ಒಬ್ಬಳು, ಥೈರಾಯ್ಡಿಂದ ಮೈ ಊದ್ಕೊಂಡಿದೆ, ಅವಳು ಮೆಟ್ಟಿಲು ಹತ್ತೋ ಥರ ನೀವು ದಿಂಬು ಕಟ್ಕೊಂಡು ಹತ್ತಿದ್ರಿ. ತುಂಬಾ ಚೆನ್ನಾಗಿ ಮಾಡಿದ್ರಿ. ನಿಮ್ಮ ತಾತನ ರಕ್ತ. ನಾನೂ ನಕ್ಕೆ. ನಕ್ಕಿದ್ದು ನೀವು ನೋಡಿದ್ರಿ, ಅದಕ್ಕೇ ಇಷ್ಟುದ್ದ ಬರೀಬೇಕಾಯ್ತು. ನನ್ನ ಅಣಕ ನೋಡಿದ್ದು ಒಂದು ಲೈನ್ ಜನ, ಸಾಯಂಕಾಲ ಆದ್ರೆ ಲೈನ್ ಮುಗೀತು. ನಿಮ್ಮದನ್ನ ಅವಳು ಮನೇಲಿ ಬಾಗಿಲು ಹಾಕ್ಕೊಂಡು ಎಷ್ಟು ಸಲ ನೋಡಿದ್ಳೋ ಗೊತ್ತಿಲ್ಲ.

ನಾಳೆ ಸ್ಕೂಲಿಂದ ಬಂದ ಮೇಲೆ ಹೇಳಿ. ಅವಳು ಕ್ಲಾಸಿಗೆ ಬಂದಿದ್ಳಾ?