ಕರೆಂಟು ಹೋದರೆ ಓದು

ಚಾಚಾರ ಹತ್ತು ಉಗುರುಗಳಲ್ಲಿ ಒಂದಾದರೂ ಉಗುರಿನ ಬಣ್ಣದಲ್ಲಿದ್ದದ್ದನ್ನು ನಾನು ನೋಡಿಲ್ಲ. ಕೆಂಪು ಅರಗಿನ ಮೇಲೆ ಹಳದಿ, ಹಳದಿಯ ಮೇಲೆ ಹಸಿರು, ಸಂದಿಯಲ್ಲೆಲ್ಲ ಮರದ ಪುಡಿ. ಹಬ್ಬದ ದಿನ ಸೀಮೆಎಣ್ಣೆ ಹಚ್ಚಿ, ಕಲ್ಲಿಗೆ ತಿಕ್ಕಿ ತೊಳೆದು, ಬಿಳಿ ಜುಬ್ಬ ಹಾಕಿಕೊಂಡು ಹೊರಟಾಗಲೂ ಬೆರಳ ತುದಿಗಳು ಮರ ಕಡೆಯುವ ಲೇತಿನ ಮುಂದೆ ಕೂತು ಈಗಷ್ಟೇ ಎದ್ದು ಬಂದ ಹಾಗಿರುತ್ತಿದ್ದವು. ಆ ಕೈಯಿಂದ ಅವರು ಬುಗುರಿ ಮಾಡಿದರು, ಗಿಲಕಿ ಮಾಡಿದರು, ಕತ್ತು ಅಲ್ಲಾಡಿಸುವ ಗೊಂಬೆ ಮಾಡಿದರು. ಪುಸ್ತಕವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ನನ್ ಕೈ ಗಲೀಜು ಬೇಟಿ. ನೀನೇ ಹಿಡ್ಕೋ, ನೀನೇ ಓದು" ಎನ್ನುತ್ತಿದ್ದರು.

ಈಗ ಅವರು ನೆನಪಾಗುವುದಕ್ಕೆ ಕಾರಣವಿದೆ. ನಾನು ರಾಮನಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಈ ಬೇಸಿಗೆ ರಜೆಯಲ್ಲಿ ಮಕ್ಕಳಿಂದ ಓದಿಸಬೇಕು, ಓದಿಸಿದ್ದಕ್ಕೆ ದಿನಾ ಇಲಾಖೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಕು. ಒಬ್ಬ ಮೇಷ್ಟ್ರು ಒಂದೇ ದಿನ ಮಕ್ಕಳ ಅಂಗಿ ಬದಲಾಯಿಸಿ ಇಡೀ ವಾರದ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ನಿನ್ನೆ ಬಂದ ಫೋಟೋದಲ್ಲಿ ಒಂದು ಮಗು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕ್ಯಾಮರಾ ನೋಡುತ್ತಿತ್ತು. ಹಿಂದೆ ಬ್ಯಾನರು, ಬ್ಯಾನರಿನ ಮುಂದೆ ಹಲ್ಲು ಬಿಟ್ಟುಕೊಂಡು ನಿಂತ ದೊಡ್ಡವರು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ, ಹೂಗುಚ್ಛದ ಚಿತ್ರ. ಇದು ಬರೀ ಅಸಹ್ಯ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ, ಏಕೆಂದರೆ ಓದು ಕಲಿಸಿದವರೇ ನನಗೆ ಅಸಹ್ಯಪಡುವುದನ್ನೂ ಕಲಿಸಿದರು.

ಚನ್ನಪಟ್ಟಣದಲ್ಲಿ ನಮ್ಮ ಮನೆಗೂ ಅವರ ಗೊಂಬೆ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೀದಿಯ ಮಕ್ಕಳಿಗೆಲ್ಲ ಅವರು ಚಾಚಾ. ಬೆಳಿಗ್ಗೆ ಲೇತು ಶುರುವಾದರೆ ನಮ್ಮ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಆಗ ಲೋಟಗಳ ಜೊತೆ ಇಡೀ ಬೀದಿ ತಣ್ಣಗಾಗುತ್ತಿತ್ತು. ಚಾಚಾಗೆ ಆ ಹೊತ್ತು ಕಂಡರೆ ಆಗುತ್ತಿರಲಿಲ್ಲ. ಕೈ ಖಾಲಿ ಕೂತರೆ ಅವರಿಗೆ ಮೈಯೆಲ್ಲ ಇರುವೆ ಹರಿದಂತೆ ಆಗುತ್ತಿತ್ತು.

ಹಾಗೆ ಕರೆಂಟು ಹೋದ ಒಂದು ಮಧ್ಯಾಹ್ನ ನಾನು ಅವರ ಶೆಡ್ಡಿನ ಮೆಟ್ಟಿಲ ಮೇಲೆ, ನೆರಳಿದೆಯೆಂದು, ಪುಸ್ತಕ ಹಿಡಿದು ಕೂತಿದ್ದೆ. ಐದನೇ ಕ್ಲಾಸು ಮುಗಿದಿತ್ತು. ಚಾಚಾ ಒಳಗಿನಿಂದ ನೋಡಿದರು, ಎದ್ದು ಬಂದರು, ಮತ್ತೆ ನೋಡಿದರು.

"ಏನ್ ಬೇಟಿ, ಒಬ್ಳೇ ನುಂಗ್ತಾ ಇದೀಯಾ? ನಮಗೂ ಒಸಿ ಹಾಕು. ಜೋರಾಗಿ ಓದು."

ನಾನು ಓದಿದೆ. ಶೆಡ್ಡಿನ ಕೆಲಸದವರು ಬೀಡಿ ಆರಿಸಿ ಕೇಳಿದರು. ಕಥೆ ಇನ್ನೇನು ಏರಬೇಕು, ಕರೆಂಟು ಬಂತು. ಚಾಚಾ ಸಾಲಿನ ಮಧ್ಯದಲ್ಲೇ ಕೈ ಎತ್ತಿ ತಡೆದರು. "ಬಸ್. ಮುಚ್ಚು. ನಾಳೆ ಕರೆಂಟ್ ಹೋದಾಗ ಮುಂದಕ್ಕೆ. ಅಲ್ಲೀಗಂಟ ಯಾರೂ ಓದಂಗಿಲ್ಲ, ನೀನೂವೆ."

ಅದೇ ಕಾನೂನಾಯಿತು. ಕರೆಂಟು ಹೋದರೆ ಓದು, ಬಂದರೆ ಮುಚ್ಚು. ಮುಂದಕ್ಕೆ ಓದುವುದು ತಪ್ಪು. ಬೀದಿಯ ಮಕ್ಕಳೆಲ್ಲ ಬರಲು ಶುರು ಮಾಡಿದರು. ಜಗತ್ತಿನ ಜನ ಕರೆಂಟು ಬರಲಿ ಎಂದು ಕಾದರೆ ನಾವು ಹೋಗಲಿ ಎಂದು ಕಾಯುತ್ತಿದ್ದೆವು. ಕಾಯಲಾರದವರು ರಾತ್ರಿ ಹೊದಿಕೆಯೊಳಗೆ ಕದ್ದು ಓದಿ ಮುಗಿಸುತ್ತಿದ್ದೆವು. ಮಾರನೆಯ ದಿನ ಚಾಚಾ ನಮ್ಮ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದರು. "ಥೂ, ಕಳ್ಳಿ" ಎಂದು ಮುಖ ಸಿಂಡರಿಸುತ್ತಿದ್ದರು. ಒಮ್ಮೆ ನಮ್ಮಮ್ಮ, ಇವಳು ಕೆಲಸ ಬಿಟ್ಟು ಕದ್ದು ಕದ್ದು ಓದುತ್ತಾಳೆ ಎಂದು ಗೋಡೆಯಾಚೆಯಿಂದ ದೂರಿದಾಗ ಅವರು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತ್ತು: "ಬುಡಮ್ಮ, ಕದಿಯೋ ಚಟ ಒಂದು ಹತ್ಕೊಂಡ್ರೆ ಸಾಕು. ಆಮೇಕೆ ನಾವೇನೂ ಮಾಡಂಗಿಲ್ಲ."

ಚಾಚಾ ಹೊಗಳಿದ್ದನ್ನು ನಾನು ಕೇಳಿಲ್ಲ. ಅವರ ಹತ್ತಿರ ಇದ್ದದ್ದು ಬರೀ ಥೂ, ಛೀ ಮತ್ತು ಒಂದು ವಿಚಿತ್ರ ಲೊಚಗುಟ್ಟುವಿಕೆ. ನಾಲಗೆಗೆ ಬೆರಳೊತ್ತಿ ಹಾಳೆ ತಿರುಗಿಸಿದರೆ ಥೂ. "ನಿನ್ನ ಎಂಜಲು ಮುಂದಿನೋನು ನೆಕ್ಬೇಕಾ?" ಗೊಣಗೊಣ ಓದಿದರೆ ಛೀ. ಕಥೆ ಚೆನ್ನಾಗಿ ಓಡಿ ಕೊನೆಯಲ್ಲಿ 'ಆದ್ದರಿಂದ ಮಕ್ಕಳೇ' ಎಂದು ಬಂತೋ, ಮುಗಿಯಿತು. "ನಿಲ್ಸು, ನಿಲ್ಸು. ಮದ್ವೆ ಊಟ ಹಾಕಿ ಬಿಲ್ ಕೊಟ್ಟಂಗಾಯ್ತು" ಎಂದು ಎದ್ದು ಹೋಗುತ್ತಿದ್ದರು. ನೀತಿಯ ಸಾಲು ಬರುವ ಸುಳಿವು ಸಿಕ್ಕರೆ ನಾವೇ ಪುಸ್ತಕ ಮುಚ್ಚುವಷ್ಟು ತಯಾರಾದೆವು.

ಕನಕಪುರದಿಂದ ಬಂದಿದ್ದ ನಮ್ಮ ಮಾವ ಒಮ್ಮೆ ಶೆಡ್ಡಿಗೆ ಇಣುಕಿ, ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಇಷ್ಟೊತ್ತು ಓದ್ದಲ್ಲ, ಏನ್ ಕಲ್ತೆ ಹೇಳು ನೋಡಾನ" ಎಂದರು. ನಾನು ತಲೆ ತಗ್ಗಿಸಿದೆ. ಚಾಚಾ ಮಸೆಯುತ್ತಿದ್ದ ಉಳಿಯನ್ನು ಕೆಳಗಿಟ್ಟರು.

"ಮಗೂಗೆ ತಿಂಡಿ ಕೊಟ್ಟು ಬಾಯ್ ತೆಗ್ಸಿ ನೋಡ್ತಾರೇನ್ರೀ ಯಾರಾದ್ರೂ?"

ಮಾವ ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ನನಗೆ ಮಾತ್ರ ಆ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ. ಓದಿದ ಮಗುವಿಗೆ ಐದು ಪ್ರಶ್ನೆ ಕೇಳಿ ಎಂದು ಇಲಾಖೆಯಿಂದ ಕಾಗದ ಬಂದಾಗಲೆಲ್ಲ ನನಗೆ ತೆರೆದ ಬಾಯಿ, ಅರೆ ಅಗಿದ ತುತ್ತು ಕಾಣಿಸುತ್ತದೆ.

ಪುಸ್ತಕ ಬರುತ್ತಿದ್ದದ್ದು ಗುಜರಿಯಿಂದ. ಗೊಂಬೆ ಸುತ್ತಲು ಹಳೆಯ ಕಾಗದ ಬೇಕಲ್ಲ, ಚಾಚಾ ಮೂಟೆಗಟ್ಟಲೆ ತರುತ್ತಿದ್ದರು. ಮೂಟೆ ಸುರಿದು ದೂರ ನಿಂತುಕೊಳ್ಳುತ್ತಿದ್ದರು. ನಾವು ಹೆಕ್ಕಬೇಕು. ಕಥೆಯಿದ್ದದ್ದು ಒಂದು ಕಡೆ, ಮಿಕ್ಕಿದ್ದು ಗೊಂಬೆಗೆ. ರಟ್ಟಿಲ್ಲದ, ಇಲಿ ಕಚ್ಚಿದ, ಹಲ್ಲಿ ಹಿಕ್ಕೆ ಅಂಟಿದ ಪುಸ್ತಕಗಳು. ಅವುಗಳ ವಾಸನೆ ಈಗಲೂ ಮೂಗಿನಲ್ಲಿದೆ, ಅದು ಒಳ್ಳೆಯ ವಾಸನೆಯೇನಲ್ಲ.

ಹಾಗೆ ಸಿಕ್ಕಿದ್ದು, ಕದಿಯಲು ಹೋಗಿ ಬಾವಿಗೆ ಬಿದ್ದ ಕಳ್ಳನೊಬ್ಬನ ಕಥೆ. ಮನೆಯ ಯಜಮಾನ ಬಂದು ಬಾವಿಗೆ ಇಣುಕಿ, ಹಗ್ಗ ಇಳಿಬಿಡುವಷ್ಟರಲ್ಲಿ ಕರೆಂಟು ಬಂದಿತ್ತು. ಮರುದಿನ ನೋಡಿದರೆ ಮುಂದಿನ ಹಾಳೆಗಳೇ ಇಲ್ಲ. ಹೊಲಿಗೆ ಬಿಟ್ಟು ಕೆಳಗೆ ಬಿದ್ದಿದ್ದ ಹಾಳೆಗಳನ್ನು ಚಾಚಾರ ಮಗ ಗೊತ್ತಿಲ್ಲದೆ ಗೊಂಬೆಗೆ ಸುತ್ತಿ, ಡಬ್ಬಕ್ಕೆ ಹಾಕಿ, ಹುರಿ ಬಿಗಿದಿದ್ದ. ಮೈಸೂರಿನ ಅಂಗಡಿಯ ಆರ್ಡರು, ಸಂಜೆಗೆ ಟೆಂಪೋ ಬರುವುದಿತ್ತು.

"ಬಿಚ್ಚು" ಅಂದರು ಚಾಚಾ.

"ಅಬ್ಬಾ, ಟೆಂಪೋ ಬರೋ ಟೈಮಾಯ್ತು" ಎಂದು ಮಗ ಅಪ್ಪನ ಮುಖ ನೋಡಿದ.

"ಕಳ್ಳ ಇನ್ನೂ ಬಾವೀಲಿ ಅವ್ನೆ ಕಣೋ. ಬಿಚ್ಚು."

ಮಗ ಹಲ್ಲು ಕಡಿಯುತ್ತ ಎಲ್ಲ ಡಬ್ಬ ಬಿಚ್ಚಿದ. ಒಂದು ಹಾಳೆ ಕುದುರೆಯ ಹೊಟ್ಟೆಯ ಸುತ್ತ ಸಿಕ್ಕಿತು, ಇನ್ನೊಂದು ಗಿಲಕಿಯ ಮೇಲೆ. ಕೊನೆಯದು ಸಿಗಲೇ ಇಲ್ಲ. ಕಳ್ಳ ಹಗ್ಗ ಹಿಡಿದು ಅರ್ಧ ಏರಿದ್ದಾನೆ, ಅಷ್ಟೇ. ಚಾಚಾ ನಮ್ಮನ್ನೆಲ್ಲ ನೋಡಿ, ಮನೆಗೆ ಹೋಗಿ ಯೋಚನೆ ಮಾಡಿಕೊಂಡು ಬನ್ನಿ ಎಂದರು. ನನ್ನ ಕಥೆಯಲ್ಲಿ ಕಳ್ಳ ಮೇಲೆ ಬಂದು, ಯಜಮಾನನ ಕಾಲಿಗೆ ಬಿದ್ದು, ಒಳ್ಳೆಯವನಾದ.

"ಥೂ" ಎಂದರು ಚಾಚಾ. "ನೀನೂ ಬಿಲ್ ಕೊಡಾಕೆ ಶುರು ಮಾಡ್ದಾ?"

ನನ್ನ ಬರವಣಿಗೆಗೆ ಬಂದ ಮೊದಲ ವಿಮರ್ಶೆ ಅದು. ಅದಕ್ಕಿಂತ ಸರಿಯಾದದ್ದು ಆಮೇಲೂ ಬಂದಿಲ್ಲ.

ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬೇಸಿಗೆಯಲ್ಲಿ ಊರಿಗೆ ಹೋದಾಗ ಶೆಡ್ಡಿನಲ್ಲಿ ಕೂತು ಬರುತ್ತಿದ್ದೆ. ಒಂದು ವರ್ಷ ಕರೆಂಟು ಹೋಗುವುದು ಕಮ್ಮಿಯಾಯಿತು. ಚಾಚಾಗೆ ಅದೊಂದು ಸಂಕಟವಾಯಿತು. ಮಧ್ಯಾಹ್ನ ಊಟವಾದ ಮೇಲೆ ತಾವೇ ಎದ್ದು ಮೇನ್ ಸ್ವಿಚ್ ಇಳಿಸಿ, "ಕರೆಂಟ್ ಹೋಯ್ತು" ಎಂದು ಮಕ್ಕಳನ್ನು ಕೂಗುತ್ತಿದ್ದರು. "ಅಬ್ಬಾ, ಪಕ್ಕದ ಮನೇಲಿ ಫ್ಯಾನ್ ತಿರುಗ್ತೈತೆ" ಎಂದು ಮಗ ಕಿರುಚುತ್ತಿದ್ದ. "ಅವ್ರುದ್ದು ಬೇರೆ ಕರೆಂಟು" ಎನ್ನುತ್ತಿದ್ದರು ಇವರು, ಮುಖದಲ್ಲಿ ನಗು ಇಲ್ಲದೆ.

ಆದರೆ ಮಕ್ಕಳೇ ಕಮ್ಮಿಯಾದರು. ಕೈಯಲ್ಲಿ ಫೋನು ಬಂತು ಎಂದು ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ಪುಸ್ತಕವೂ ಇರಲಿಲ್ಲ. ಗುಜರಿ ಮೂಟೆಯಲ್ಲಿ ಈಗ ಬರುವುದು ಪರೀಕ್ಷೆಯ ಗೈಡು, ಮದುವೆ ಕಾರ್ಡು, ಓಟಿನ ಕಾಲದ ಕರಪತ್ರ. ಸುರಿದು ನೋಡಿ ಚಾಚಾ ಲೊಚಗುಟ್ಟುತ್ತಿದ್ದರು. ಮೊಮ್ಮಗಳೊಬ್ಬಳು ಮಾತ್ರ ಇದ್ದ ಕಥೆಗಳನ್ನೇ ತಿರುಗಿ ತಿರುಗಿ ಓದುತ್ತಿದ್ದಳು.

ಆಗ ಊರಿನ ಸಂಘವೊಂದು ಮುಂದೆ ಬಂತು. ಮಕ್ಕಳಿಗೆ ಓದಿನ ರುಚಿ ಹತ್ತಿಸಿದ್ದಕ್ಕೆ ಚಾಚಾಗೆ ಸನ್ಮಾನ ಮಾಡುತ್ತೇವೆ, ಒಂದು ಬೀರು ತುಂಬ ಹೊಸ ಪುಸ್ತಕವನ್ನು ಶೆಡ್ಡಿಗೇ ಕೊಡುತ್ತೇವೆ ಎಂದರು. ಶಾಲು, ಪೇಟ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ, ಪುಸ್ತಕ ಎಂದಾಗ ಒಪ್ಪಿದರು. "ಒಂದ್ ಗಂಟೆ ಪೇಟ ಇಕ್ಕಂಡು ಕೂತ್ಕೊಂಡ್ರೆ ಏನ್ ಸಾಯ್ತೀನಾ? ಬೀರು ಬತ್ತದಲ್ಲ" ಎಂದು ನನಗೆ ಹೇಳಿದರು.

ಹೋದ ವರ್ಷದ ಏಪ್ರಿಲ್ ಅದು. ಸಮುದಾಯ ಭವನದಲ್ಲಿ ಮಕ್ಕಳನ್ನು ನೆಲದ ಮೇಲೆ ಕೂರಿಸಿದ್ದರು, ಕುಡಿಯಲು ನೀರಿಲ್ಲ. ವೇದಿಕೆಯ ಮೂಲೆಯಲ್ಲಿ ಗಾಜಿನ ಬೀರು, ಅದಕ್ಕೆ ಕೆಂಪು ರಿಬ್ಬನ್ನು. ಸಂಘದ ಅಧ್ಯಕ್ಷರು ಓದಿನ ಮಹತ್ವದ ಬಗ್ಗೆ ಶುರು ಮಾಡಿ, ತಮ್ಮ ಬಾಲ್ಯಕ್ಕೆ ಬಂದು, ತಾವು ಕಟ್ಟಿಸಿದ ಕಟ್ಟಡಗಳಿಗೆ ಹೋಗಿ, ಮತ್ತೆ ತಿರುಗಿ ಬರಲಿಲ್ಲ. ಚಾಚಾ ತಲೆಯ ಮೇಲೆ ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಬೆವರುತ್ತಿದ್ದರು. ನಾನು ಮಕ್ಕಳ ಹಿಂದೆ ನಿಂತಿದ್ದೆ.

ಕರೆಂಟು ಹೋಯಿತು. ಮೈಕು ಸತ್ತಿತು. ಅಧ್ಯಕ್ಷರು ಬಾಯಿ ಆಡಿಸಿ, ಮೈಕು ತಟ್ಟಿದರು. ಚಾಚಾ ಹಣ್ಣಿನ ಬುಟ್ಟಿ ಕೆಳಗಿಟ್ಟು ಎದ್ದು ನಿಂತರು.

"ಕರೆಂಟ್ ಹೋಯ್ತಲ್ಲ ಮಕ್ಳಾ. ಯಾರ್ ಓದ್ತೀರಾ?"

ಮಕ್ಕಳು ನಕ್ಕರು. ಹಲವು ಕೈಗಳು ಮೇಲೆದ್ದವು. ಚಾಚಾ ಸಂಘದ ಕಾರ್ಯದರ್ಶಿಯ ಕಡೆ ತಿರುಗಿ, "ಬೀಗ ತೆಗೀರಿ" ಎಂದರು.

"ಬೀಗದಕೈ ಅಧ್ಯಕ್ಷ್ರ ಡ್ರೈವರ್ ತಾವ ಐತೆ ಚಾಚಾ, ಅವ್ನು ತಿಂಡಿಗೆ ಹೋಗವ್ನೆ. ಈಗ್ಯಾಕೆ ಬುಡಿ. ಈ ಮಕ್ಳು ಮುಟ್ಟುದ್ರೆ ಹೊಸ ಪುಸ್ತಕ ಎಲ್ಲಾ ಗಲೀಜಾಯ್ತವೆ. ಒಸಿ ಫೋಟೋ ಆಗ್ಲಿ."

ಚಾಚಾ ಒಂದು ಕ್ಷಣ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ಅವನ್ನು ಕಾರ್ಯದರ್ಶಿಯ ಮುಖದ ಹತ್ತಿರ ಹಿಡಿದರು.

"ಗಲೀಜು ಇದು. ನನ್ ಕೈ. ಅವ್ರುದ್ದಲ್ಲ."

ಪೇಟ ತೆಗೆದು, ಶಾಲು ಮಡಚಿ, ಎರಡನ್ನೂ ಕುರ್ಚಿಯ ಮೇಲೆ ಇಟ್ಟು ಮೆಟ್ಟಿಲಿಳಿದು ಹೋದರು. ನನ್ನನ್ನು ದಾಟುವಾಗ ಎಂದಿನ ಥೂ ಕೂಡ ಬರಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೆ.

ಬೀರು ಶೆಡ್ಡಿಗೆ ಬರಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಚಾಚಾ ಭವನಕ್ಕೆ ಹೋಗಿ ಕೇಳುತ್ತಿದ್ದರು. ಸಂಘದವರು ಮುಂದಿನ ವಾರ ಎನ್ನುತ್ತಿದ್ದರು. ಎದ್ದು ಬಂದ ಮನುಷ್ಯನೇ ಮಾನ ಬಿಟ್ಟು ಮತ್ತೆ ಮತ್ತೆ ಹೋದರು, ರಜೆ ಮುಗಿಯುವ ಮೊದಲು ಮೊಮ್ಮಗಳ ಕೈಗೆ ಒಂದಾದರೂ ಹೊಸ ಪುಸ್ತಕ ಬರಲಿ ಎಂದು. ರಜೆ ಮುಗಿಯಿತು. ಆಷಾಢದ ಸೋನೆಯಲ್ಲಿ ಜ್ವರ ಬಂದು ಎದೆಗಿಳಿಯಿತು, ಅವರು ಏಳಲಿಲ್ಲ. ಕೊನೆಯ ಸ್ನಾನ ಮಾಡಿಸಿದಾಗ ಎಷ್ಟು ತೊಳೆದರೂ ಉಗುರಿನ ಬಣ್ಣ ಹೋಗಲಿಲ್ಲ ಎಂದು ಅವರ ಮಗ ಹೇಳಿದ. ಸಂಘದವರು ಸಂತಾಪ ಸೂಚಿಸಿ, ಅದೇ ಪೇಟ ತೊಟ್ಟ ಫೋಟೋ ಹಾಕಿದ್ದರು.

ಮೊನ್ನೆ ಭಾನುವಾರ ನಾನು ಚಾಚಾರ ಮಗನ ಬಳಿ ಹೋಗಿ, "ಅಣ್ಣ, ಸ್ಕ್ರೂಡ್ರೈವರ್ ಐತಾ?" ಎಂದೆ. ಅವನು ಅದನ್ನು ಜೇಬಿಗಿಟ್ಟುಕೊಂಡು ನನ್ನ ಜೊತೆ ಭವನಕ್ಕೆ ಹೊರಟ.

ಭವನದ ಕಾವಲುಗಾರ ಬಾಗಿಲು ತೆಗೆದ. ಬೀರಿನ ಬೀಗದಕೈ ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ರಿಬ್ಬನ್ನು ಹಾಗೇ ಇತ್ತು, ಧೂಳು ಕುಡಿದು ಕಂದಾಗಿತ್ತು. ಅಣ್ಣ ಬೀರಿನ ಬಾಗಿಲ ತಿರುಪು ಬಿಚ್ಚಿ ಎತ್ತಿಟ್ಟ. ಜಿರಳೆ ಹರಿದವು. ಮುಂದಿನ ಸಾಲಿನಲ್ಲಿ ಮಕ್ಕಳ ಕಥೆಗಳು, ಗಾಜಿನ ಹೊರಗೆ ಕಾಣುವಷ್ಟು ಮಾತ್ರ. ಅದರ ಹಿಂದೆ ಕಟ್ಟು ಬಿಚ್ಚದ ಪುಸ್ತಕಗಳು, ಎಲ್ಲ ಒಂದೇ. ಅಧ್ಯಕ್ಷರ ಅಭಿನಂದನಾ ಗ್ರಂಥ. ರಟ್ಟಿನ ಮೇಲೆ ಅವರ ಮುಖ, ಮುಖದ ಮೇಲೆ ಹಲ್ಲಿಯ ಹಿಕ್ಕೆ. ಇದನ್ನು ತುಂಬಲು ಒಂದು ಬೀರು, ಇದಕ್ಕಾಗಿ ಆ ಮುದುಕ ವಾರ ವಾರ ಅಲೆದದ್ದು.

"ಯಾರಾನಾ ಕೇಳುದ್ರೆ ಏನನ್ಲಿ?" ಎಂದ ಕಾವಲುಗಾರ.

"ಚಾಚಾ ಬಂದಿದ್ರು ಅನ್ನು" ಎಂದ ಅಣ್ಣ.

ಎಲ್ಲವನ್ನೂ ಆಟೋಗೆ ಹಾಕಿಕೊಂಡು ಶೆಡ್ಡಿಗೆ ಬಂದೆವು. ಅಣ್ಣ ಗ್ರಂಥದ ಒಂದು ಹಾಳೆ ಹರಿದು, ಬೆರಳಿನಲ್ಲಿ ಉಜ್ಜಿ ನೋಡಿದ. "ಪೇಪರ್ ದಪ್ಪಕ್ಕೈತೆ. ಕುದ್ರೆ ಸುತ್ತಾಕೆ ಸರಿ" ಎಂದು ಕಟ್ಟುಗಳನ್ನು ಪ್ಯಾಕಿಂಗಿನ ಮೂಲೆಗೆ ಒದ್ದ. ಕಥೆ ಪುಸ್ತಕಗಳನ್ನು ಮಗಳ ಮುಂದೆ ಇಟ್ಟ. ಆಮೇಲೆ, ಅಪ್ಪನಿಗಾಗಿ ಡಬ್ಬ ಬಿಚ್ಚುವಾಗ ಹಲ್ಲು ಕಡಿದಿದ್ದ, ಪಕ್ಕದ ಮನೆಯ ಫ್ಯಾನು ತೋರಿಸಿ ಕಿರುಚಿದ್ದ ಆ ಮನುಷ್ಯ, ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿದ. ಲೇತು ನಿಧಾನಕ್ಕೆ ನಿಂತಿತು.

"ಕರೆಂಟ್ ಹೋಯ್ತು" ಎಂದ.

ಕೆಲಸದವರು ಕೈ ಒರೆಸಿಕೊಂಡು ಕೂತರು. ಬಾಗಿಲಲ್ಲಿ ಬೀದಿಯ ಮಕ್ಕಳು ಇಣುಕಿದರು. ಹುಡುಗಿ ಮೇಲಿನ ಪುಸ್ತಕ ತೆಗೆದು ಓದಲು ಶುರು ಮಾಡಿದಳು. ಮೊದಲ ಪುಟ ಮುಗಿಯಿತು, ಹೊಸ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅವಳು ಬೆರಳನ್ನು ನಾಲಗೆಯ ಹತ್ತಿರ ಒಯ್ದಳು.

"ಥೂ" ಎಂದೆ ನಾನು.